ನೆರಿಗೆಗೆ ಪಿನ್ನು ಹಾಕಿದ ಗುಳಿಗೆ

ಮೊಮ್ಮಗಳು ಈಗಷ್ಟೇ ಮಲಗಿದ್ದಾಳೆ. ಅವಳು ಏಳುವುದರೊಳಗೆ ಎಷ್ಟು ಆಗುತ್ತದೋ ಅಷ್ಟು ಬರೆಯುತ್ತೇನೆ. ಎದ್ದರೆ ಪೆನ್ನು ಅಲ್ಲೇ ಬಿಟ್ಟು ಓಡುತ್ತೇನೆ. ಬರಹದಲ್ಲಿ ನಡುನಡುವೆ ಹೊಲಿಗೆ ಬಿಟ್ಟಂತೆ ಕಂಡರೆ ಅದು ಅವಳ ತಪ್ಪು, ನನ್ನದಲ್ಲ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಆದರೂ ಬರೆಯಬೇಕು ಅನ್ನಿಸಿದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೈಯಲ್ಲಿ ಫೈಲು ಹಿಡಿದು ಕೂತಿದ್ದಾಗ, ನನ್ನಂಥ ಒಬ್ಬಳು ಹೆಂಗಸು ಪಕ್ಕಕ್ಕೆ ಬಂದು, ‘ನನಗೂ ಹಿಂಗ ಆಗಿತ್ತು, ನೋಡು, ಈಗ ಕೂತು ಚಹಾ ಕುಡಿಯಾಕತ್ತೇನಿ’ ಅಂದಿದ್ದರೆ ಎಷ್ಟು ಧೈರ್ಯ ಬರುತ್ತಿತ್ತು. ಆ ಹೆಂಗಸು ಬರಲಿಲ್ಲ. ಅದಕ್ಕೆ ನಾನೇ ಬಂದಿದ್ದೇನೆ.

ನಾವಿರುವುದು ದಾಂಡೇಲಿಯ ಅಂಬೇವಾಡಿಯಲ್ಲಿ. ನಮ್ಮ ಮನೆಯವರು ಪೇಪರ್ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. ನನ್ನ ತವರು ಹಳಿಯಾಳದ ಕಡೆ. ಒಬ್ಬಳೇ ಮಗಳು ಗೌರಿ, ಅವಳನ್ನು ಮುಂಡಗೋಡಕ್ಕೆ ಕೊಟ್ಟಿದ್ದೇವೆ. ಅತ್ತಿವೇರಿಯ ಕೆರೆಯಿಂದ ದೂರವಿಲ್ಲದ ಮನೆ, ಭತ್ತದ ಗದ್ದೆ, ಒಳ್ಳೆಯ ಅಳಿಯ. ಬೀಗಿತ್ತಿಯ ಬಗ್ಗೆ ಮುಂದೆ ಹೇಳುತ್ತೇನೆ.

ಗಂಟು ಮೊದಲು ಸಿಕ್ಕದ್ದು ರೊಟ್ಟಿ ಬಡಿಯುವಾಗ. ಬೆವರು ಒರೆಸಿಕೊಳ್ಳಲು ಸೆರಗು ಎತ್ತಿದೆ, ದವಡೆಯ ಕೆಳಗೆ ಕೈಗೆ ಏನೋ ತಾಗಿತು. ಹುಣಸೆಬೀಜದಷ್ಟು. ನೋವಿಲ್ಲ, ಉರಿಯಿಲ್ಲ. ಹಲ್ಲಿನದಿರಬೇಕು ಅಂದುಕೊಂಡು ಎರಡು ತಿಂಗಳು ಸುಮ್ಮನಿದ್ದೆ. ಅದು ಬೋರೆಹಣ್ಣಿನಷ್ಟಾಯಿತು, ಕಂಕುಳಲ್ಲಿ ಅದರ ತಂಗಿ ಹುಟ್ಟಿತು. ಹುಬ್ಬಳ್ಳಿಗೆ ಹೋದೆವು. ಸೂಜಿ ಚುಚ್ಚಿ ನೋಡಿದರು, ಆಮೇಲೆ ಗಂಟಿನ ಚೂರು ತೆಗೆದು ನೋಡಿದರು. ಡಾಕ್ಟರು ಹೇಳುವಾಗ ನನ್ನನ್ನು ನೋಡದೆ ನಮ್ಮ ಮನೆಯವರನ್ನೇ ನೋಡಿ ಹೇಳಿದರು. ಇವರು ಫೈಲನ್ನು ಎದೆಗೆ ಒತ್ತಿ ಹಿಡಿದಿದ್ದು ನೋಡಿ ನನಗೆ ಅರ್ಥವಾಯಿತು. ಹೊರಗೆ ಬಂದ ಮೇಲೆ ಅವರು ಹೇಳಿದ್ದು ಒಂದೇ ಮಾತು: ಬಸ್ಸಿಗೆ ಇನ್ನೂ ಹೊತ್ತಿದೆ, ಏನಾದರೂ ತಿನ್ನೋಣ. ಇಬ್ಬರೂ ಎರಡೆರಡು ಗಿರಮಿಟ್ ತಿಂದೆವು. ಕ್ಯಾನ್ಸರ್ ಅಂತ ಗೊತ್ತಾದ ದಿನ ಅಷ್ಟು ಹಸಿವಾಗುತ್ತದೆ ಅಂತ ಯಾರೂ ಹೇಳುವುದಿಲ್ಲ.

ಸಲಾಯಿನ್‌ನಲ್ಲಿ ಔಷಧ ಬಿಡುವ ಕೀಮೋ ಚಿಕಿತ್ಸೆ ಆರು ಸಲ ಆಯಿತು. ಕೂದಲು ಹೋಯಿತು, ಮತ್ತೆ ಬಂತು. ಗಂಟುಗಳು ಕರಗಿದವು. ಒಂದು ವರ್ಷ ಎಲ್ಲರಂತೆ ಇದ್ದೆ. ಆಮೇಲೆ ಅದೇ ಜಾಗದಲ್ಲಿ ಅದೇ ಹುಣಸೆಬೀಜ.

ಗಂಟು ಮರಳಿದ ವಾರವೇ ಗೌರಿಯಿಂದ ಫೋನು ಬಂತು, ಮೂರು ತಿಂಗಳಂತೆ. ಮದುವೆಯಾಗಿ ಏಳು ವರ್ಷವಾಗಿತ್ತು. ನಾನು ಫೋನು ಹಿಡಿದುಕೊಂಡೇ ನಕ್ಕೆ, ಇಟ್ಟ ಮೇಲೆ ಅತ್ತೆ, ಅಳುತ್ತಲೇ ಸಜ್ಜಕಕ್ಕೆ ರವೆ ಹುರಿದೆ. ನಮ್ಮಲ್ಲಿ ಮೊದಲ ಹೆರಿಗೆ ತವರಿನದು. ಬಾಣಂತನ ಮಾಡುವುದು, ಕೂಸಿಗೆ ದಿನಾ ಎರೆಯುವುದು ಅವ್ವನ ಕೆಲಸ. ಎರೆಯುವುದೆಂದರೆ ಸುಮ್ಮನೆ ನೀರು ಹಾಕುವುದಲ್ಲ. ನೆಲದ ಮೇಲೆ ಕಾಲು ಚಾಚಿ ಕೂತು, ಕೂಸನ್ನು ಕಣಕಾಲಿನ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಮೂಗು ತಿದ್ದಿ, ಬೆನ್ನು ಸವರಿ ಎತ್ತಬೇಕು. ಒಂದು ತಾಸು ಬೆನ್ನು ಬಾಗಿರಬೇಕು. ನನ್ನಲ್ಲಿ ಆಗ ಒಂದು ಕೊಡ ನೀರು ಎತ್ತುವ ಶಕ್ತಿಯೂ ಇರಲಿಲ್ಲ. ಹುಬ್ಬಳ್ಳಿಯ ಡಾಕ್ಟರು ಮತ್ತೆ ಅದೇ ಸಲಾಯಿನ್‌ನಿಂದ ಹೆಚ್ಚು ಪ್ರಯೋಜನವಿಲ್ಲ ಅಂದರು. ನಾನು ಮನಸ್ಸಿನಲ್ಲಿ ಲೆಕ್ಕ ಹಾಕಿದೆ: ಆರು ತಿಂಗಳು. ಅಷ್ಟು ದಿನ ಇದ್ದರೆ ಸಾಲದು, ಕಾಲು ಚಾಚಿ ಕೂರುವಷ್ಟು ಗಟ್ಟಿಯಾಗಿರಬೇಕು. ನನಗೆ ಬೇಕಾಗಿದ್ದು ಅಷ್ಟೇ.

ಅದೇ ಡಾಕ್ಟರು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಹೊಸ ಗುಳಿಗೆಯೊಂದನ್ನು ನನ್ನಂಥವರಿಗೆ ಕೊಟ್ಟು ನೋಡುತ್ತಿದ್ದರು. ಹೊಸದು ಅಂದರೆ ಪೂರಾ ಹೊಸದು. ಎಷ್ಟು ಜನಕ್ಕೆ ಹಿಡಿಸುತ್ತದೆ ಅಂತ ಅವರಿಗೂ ಗೊತ್ತಿಲ್ಲ, ಅದನ್ನು ಮುಚ್ಚಿಡಲಿಲ್ಲ. ಶೈಲಾ ಅಂತ ಒಬ್ಬ ಮೇಡಂ, ಈ ಪರೀಕ್ಷೆಯ ರೋಗಿಗಳನ್ನೆಲ್ಲ ನೋಡಿಕೊಳ್ಳುವವರು, ಒಂದು ಕಂತೆ ಕಾಗದ ಮುಂದಿಟ್ಟುಕೊಂಡು ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿದರು. ಬೇಡ ಅನ್ನಿಸಿದ ದಿನ ಬಿಟ್ಟು ಹೋಗಬಹುದು ಅನ್ನುವುದನ್ನು ಮೂರು ಸಲ ಹೇಳಿದರು. ನಮ್ಮ ಮನೆಯವರು ಅಷ್ಟು ಹೊತ್ತೂ ಕೊನೆಯ ಹಾಳೆಯನ್ನು ಬೆಳಕಿಗೆ ಹಿಡಿದು, ಬೆರಳಲ್ಲಿ ತಟ್ಟಿ ನೋಡುತ್ತಿದ್ದರು. ಮಿಲ್ಲಿನವರ ಚಟ ಅದು, ಲಗ್ನಪತ್ರಿಕೆಯನ್ನೂ ಓದುವ ಮೊದಲು ತಟ್ಟಿ ನೋಡುತ್ತಾರೆ. ಮೇಡಂ ಏನಾದರೂ ಕೇಳುವುದಿದೆಯಾ ಅಂದರು.

“ಹಾಳಿ ಚಲೋ ಐತ್ರಿ,” ಅಂದರು ಇವರು. “ಔಷಧಾನೂ ಇಷ್ಟ ಚಲೋ ಇದ್ರ ಸಾಕು.”

ಸಹಿ ಮಾಡಿದೆ. ಗುಳಿಗೆ ಶುರುವಾಗುವ ಮುಂಚೆ ಗಂಟಿನದೊಂದು ಚೂರು ಮತ್ತೆ ತೆಗೆದರು. ಅದನ್ನು ಐಸಿನ ಡಬ್ಬಿಯಲ್ಲಿ ಒಯ್ಯಲು ಪ್ರಯೋಗಶಾಲೆಯಿಂದ ಒಬ್ಬ ಹುಡುಗಿ ಬಂದಳು, ಸುಜಾತಾ ಅಂತ. ನಾವು ಮಾತಾಡುವುದನ್ನು ಕೇಳಿ ನಿಂತಳು. ತನ್ನ ಊರು ಜೋಯಿಡಾ ಅಂದಳು, ಮನೆಮಾತು ಕೊಂಕಣಿ. ದಾಂಡೇಲಿಯ ಬಸ್‌ಸ್ಟ್ಯಾಂಡಿನಲ್ಲಿ ಎಷ್ಟೋ ಸಲ ಬಸ್ಸಿಗೆ ಕಾದಿದ್ದಾಳಂತೆ. ಅಷ್ಟು ದೂರದ ಊರಲ್ಲಿ ನಮ್ಮ ಬಸ್‌ಸ್ಟ್ಯಾಂಡಿನ ಹೆಸರು ಕೇಳಿ ನನಗೆ ತಂಗಿ ಸಿಕ್ಕಷ್ಟು ಸಂತೋಷವಾಯಿತು.

“ಹೆದರಬೇಡಿ ಅಜ್ಜಿ,” ಅಂದಳು.

“ಅಜ್ಜಿ ಅನಬ್ಯಾಡವಾ,” ಅಂದೆ. “ಅಜ್ಜಿ ಆಗಾಕ ಇನ್ನ ಐದು ತಿಂಗಳ ಐತಿ. ಅಲ್ಲಿತನಕ ಉಳಸೂದು ನಿಮ್ಮ ಕೆಲಸ.”

ಅವಳು ನಗುತ್ತ ಕೂತಳು. ಈ ಗುಳಿಗೆ ಏನು ಮಾಡುತ್ತದೆ ಅಂತ ಕೇಳಿದ್ದಕ್ಕೆ ತಾಳ್ಮೆಯಿಂದ ಹೇಳಿದಳು. ನಮ್ಮ ಮೈಯ ಕಣಕಣದಲ್ಲೂ ಒಂದು ದೊಡ್ಡ ಪುಸ್ತಕವಿದೆಯಂತೆ. ಆ ಪುಸ್ತಕ ಹೊರಗೆ ಬರುವುದಿಲ್ಲ, ಅದರಿಂದ ಚೀಟಿ ಬರೆದು ಕಳಿಸುತ್ತಾರೆ. ಚೀಟಿಯಲ್ಲಿ ಇದ್ದಂತೆ ಮೈಯೊಳಗೆ ಅಡಿಗೆಯಾಗುತ್ತದೆ. ನನ್ನ ಗಂಟಿನೊಳಗೆ ‘ಬೆಳೆ, ಬೆಳೆ’ ಅನ್ನುವ ಒಂದು ಚೀಟಿ ಬೇಕಾದ್ದಕ್ಕಿಂತ ಹೆಚ್ಚು ಓದಿಸಿಕೊಳ್ಳುತ್ತಿದೆ. ಹಳೆಯ ಔಷಧಗಳು ಹೆಚ್ಚಾಗಿ ಅಡಿಗೆಯಾದ ಮೇಲೆ ಬಂದು ತಡೆಯುತ್ತವೆ, ಇದು ಚೀಟಿಯನ್ನೇ ಹಿಡಿಯುತ್ತದೆ. ಆ ಚೀಟಿ ಹಾಳೆಯ ಹಾಗೆ ಚಪ್ಪಟೆ ಇರುವುದಿಲ್ಲ, ಉದ್ದನೆಯ ದಾರದ ಹಾಗೆ ತನ್ನ ಮೇಲೆ ತಾನೇ ಮಡಚಿಕೊಂಡು ಸಂದುಗೊಂದು ಮಾಡಿಕೊಂಡಿರುತ್ತದೆ. ಆ ಒಂದು ಸಂದಿಯಲ್ಲಿ ಹೋಗಿ ಕೂರುವಂಥ ಸಣ್ಣ ವಸ್ತು ಬೇಕು. ಒಂದೊಂದಾಗಿ ಸಾವಿರಾರು ವಸ್ತು ಹಾಕಿ ನೋಡಿದರಂತೆ. ಕೆಲವು ಜಾರಿದವು, ಕೆಲವು ಬೇರೆ ಚೀಟಿಗೆ ಹೋಗಿ ಅಂಟಿದವು. ಇದೊಂದು ನಿಂತಿತು.

ಅವಳು ಕಾಗದದ ಪಟ್ಟಿಯೊಂದನ್ನು ಮಡಚಿ ತೋರಿಸಿದಳು. ನಮ್ಮ ಮನೆಯವರು ಅದನ್ನು ಇಸಿದುಕೊಂಡು, ನೀರಿನಲ್ಲಿ ಹಾಕಿದರೆ ಮಡಿಕೆ ಬಿಚ್ಚುತ್ತದಲ್ಲ, ಮೈಯೊಳಗೆಲ್ಲ ನೀರೇ ಇರುವುದು ಅಂದರು. ಇದು ನೀರಿನಲ್ಲಿದ್ದೇ ಮಡಿಕೆ ಹಿಡಿಯುವ ಜಾತಿ ಅಂದಳು. ಜನ್ಮವೆಲ್ಲ ಕಾಗದ ನೋಡಿದ ಮನುಷ್ಯ ಆ ಪಟ್ಟಿಯನ್ನೂ ಒಮ್ಮೆ ತಟ್ಟಿ ನೋಡಿ ವಾಪಸ್ ಕೊಟ್ಟರು. ನನಗೆ ಮಾತ್ರ ಆಗ ಹೊಳೆಯಿತು. ಎದ್ದು ನಿಂತು ಅವಳಿಗೆ ನನ್ನ ಸೀರೆಯ ನೆರಿಗೆ ತೋರಿಸಿದೆ.

“ಇಷ್ಟುದ್ದ ಸೀರಿ ಮಡಚಿ ಮಡಚಿ ಇಲ್ಲಿ ನೆರಿಗಿ ಆಗತದ. ನೆರಿಗಿಗೆ ಒಂದು ಪಿನ್ ಚುಚ್ಚಿದ್ರ ಯಾರ ಜಗ್ಗಿದ್ರೂ ಬಿಚ್ಚೂದಿಲ್ಲ. ನಿಮ್ಮ ಗುಳಿಗಿ ಆ ಪಿನ್ ಏನವಾ?”

ಸುಜಾತಾ ಬಗ್ಗಿ ನೆರಿಗೆ ನೋಡಿ, “ಅದೇ,” ಅಂದಳು. “ನೆರಿಗೆ ಬಿಚ್ಚದಿದ್ದರೆ ಚೀಟಿ ಓದಲಿಕ್ಕಾಗುವುದಿಲ್ಲ. ಆರು ವರ್ಷದಿಂದ ನಮ್ಮ ಅಮ್ಮನಿಗೆ ನನ್ನ ಕೆಲಸ ಏನು ಅಂತ ಹೇಳಲಿಕ್ಕೆ ಬಂದಿರಲಿಲ್ಲ ನನಗೆ. ಇವತ್ತು ಹೇಳ್ತೇನೆ.”

ಆರು ವರ್ಷ! ಒಂದು ಪಿನ್ನು ಹುಡುಕಲು. ಅವಳಿಗಿಂತ ಮೊದಲು ಬೇರೆಯವರೂ ಹುಡುಕಿದ್ದರಂತೆ. ಅವರು ಯಾರಿಗೂ ನನ್ನ ಮುಖ ಗೊತ್ತಿಲ್ಲ. ಆ ದಿನದಿಂದ ಗುಳಿಗೆ ಕೈಗೆ ತೆಗೆದುಕೊಂಡಾಗಲೆಲ್ಲ ಮೊದಲು ಅವರನ್ನು ನೆನೆದೇ ಬಾಯಿಗೆ ಹಾಕುತ್ತೇನೆ.

ನಿಯಮ ಸರಳವಿತ್ತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ಗುಳಿಗೆ. ಆಮೇಲೆ ಒಂದು ತಾಸು ಏನೂ ತಿನ್ನಬಾರದು. ದಿನಾ ಒಂದು ವಹಿಯಲ್ಲಿ ಗೀಟು ಹಾಕಿ, ಗುಳಿಗೆಗೆ ಮೊದಲು ಏನಾದರೂ ತಿಂದಿದ್ದರೆ ಬರೆಯಬೇಕು. ಬಸುರಿಯರು ಆ ಗುಳಿಗೆ ಮುಟ್ಟಬಾರದು. ಅದಕ್ಕೆ ಗೌರಿ ಬಂದಾಗಲೆಲ್ಲ ಡಬ್ಬಿ ಅಟ್ಟಣಿಗೆ ಏರುತ್ತಿತ್ತು. ಎರಡು ತಿಂಗಳಲ್ಲಿ ಕುತ್ತಿಗೆಯ ಗಂಟು ಬೋರೆಹಣ್ಣಿನಿಂದ ಹುಣಸೆಬೀಜಕ್ಕೆ ಇಳಿಯಿತು, ಹುಣಸೆಬೀಜದಿಂದ ಅವರೆಕಾಳಿಗೆ. ಬಾಯಿಗೆ ರುಚಿ ಬಂತು. ಒಂದು ದಿನ ನಾನೇ ನೀರಿನ ಕೊಡ ಎತ್ತಿಟ್ಟೆ. ನಮ್ಮ ಮನೆಯವರು ನೋಡಿ, ಇಳಿಸು ಅಂತ ಬೈದು, ಆಮೇಲೆ ಹಿತ್ತಲಿಗೆ ಹೋಗಿ ಮೂಗು ಒರೆಸಿಕೊಂಡರು.

ಆಗ ಶ್ರಾವಣ ಬಂತು. ನಾನು ಇಷ್ಟಲಿಂಗ ಕಟ್ಟಿದವಳು. ಸ್ನಾನ ಮಾಡಿ ಲಿಂಗಪೂಜೆ ಆಗುವವರೆಗೆ ನೀರೂ ಬಾಯಿಗೆ ಹಾಕುವುದಿಲ್ಲ, ಲಿಂಗಕ್ಕೆ ತೋರಿಸದೆ ಏನನ್ನೂ ತಿನ್ನುವುದಿಲ್ಲ. ಗೌರಿಯ ಹೆರಿಗೆ ಸುಸೂತ್ರವಾಗಲಿ ಅಂತ ಆ ತಿಂಗಳು ಒಂದು ವ್ರತ ಹಿಡಿದೆ. ವ್ರತ ಮುಗಿಯುವ ಹೊತ್ತಿಗೆ ಬೆಂಗಳೂರಿನಲ್ಲಿ ರಕ್ತ ತೆಗೆದು ನೋಡಿದರೆ, ಗುಳಿಗೆಯ ಅಂಶ ಇರಬೇಕಾದ್ದಕ್ಕಿಂತ ಬಹಳ ಹೆಚ್ಚಿತ್ತು, ಲಿವರಿಗೂ ತ್ರಾಸಾಗಿತ್ತು. ಡಾಕ್ಟರು ಹೌಹಾರಿದರು. ಒಂದರ ಬದಲು ಎರಡು ತೆಗೆದುಕೊಂಡಿರಾ ಅಂತ ಕೇಳಿದರು. ಡಬ್ಬಿಯಲ್ಲಿ ಉಳಿದ ಗುಳಿಗೆ ಎಣಿಸಿದರೆ ಸರಿಯಾಗೇ ಇತ್ತು. ಏನಾದರೂ ತಿಂದು ತೆಗೆದುಕೊಂಡಿರಾ? ಇಲ್ಲ. ವಹಿ ನೋಡಿದರು, ಎಲ್ಲ ದಿನವೂ ನನ್ನ ಕೈಬರಹದಲ್ಲಿ ದುಂಡಗೆ ‘ಏನೂ ಇಲ್ಲ’ ಅಂತ ಇತ್ತು. ಗುಳಿಗೆ ನಿಲ್ಲಿಸಿದರು. ಮೂರು ವಾರ ಬಿಟ್ಟು ಬನ್ನಿ, ಕಾರಣ ಗೊತ್ತಾಗದಿದ್ದರೆ ಮತ್ತೆ ಕೊಡುವುದು ಕಷ್ಟ, ನಿಮ್ಮನ್ನು ಈ ಪರೀಕ್ಷೆಯಿಂದ ಬಿಡಬೇಕಾಗುತ್ತದೆ ಅಂದರು.

ಆ ಮೂರು ವಾರದ ನಡುವೆಯೇ ಗೌರಿಯ ಏಳು ತಿಂಗಳ ಕುಬಸ, ಸೀಮಂತದ ಶಾಸ್ತ್ರ. ಮುಂಡಗೋಡಕ್ಕೆ ಹಸಿರು ಸೀರೆ, ಬಳೆ, ಐದು ನಮೂನೆಯ ಉಂಡೆ ತೆಗೆದುಕೊಂಡು ಹೋದೆವು. ಬೀಗಿತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮಾತು ಚುರುಕು, ಕೈ ಅದಕ್ಕಿಂತ ಚುರುಕು, ಮನಸ್ಸು ಒಳ್ಳೆಯದು.

“ಬೀಗ್ತಿ, ಹೆರಗಿ ಇಲ್ಲೇ ಮಾಡ್ಕೋತೇವ್ರಿ,” ಅಂದರು. “ನೀವು ಮೊದಲ ಜಡ್ಡಿನ ಮನಷ್ಯಾರು. ಕೂಸಿಗೆ ಎರಿಯೂದ ಬಿಡ್ರಿ, ನಿಮಗ ಎರಿಯಾಕ ಒಬ್ಬರ ಬೇಕು.”

ಕೂತವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತು ಎದೆಯಲ್ಲಿ ಮುರಿದ ಮುಳ್ಳಿನಂತೆ ಉಳಿಯಿತು, ಯಾಕೆಂದರೆ ಅದು ಸುಳ್ಳಾಗಿರಲಿಲ್ಲ. ಗುಳಿಗೆ ನಿಲ್ಲಿಸಿ ಎರಡು ವಾರವಾಗಿತ್ತು, ಅವರೆಕಾಳು ಮತ್ತೆ ಹುಣಸೆಬೀಜವಾಗಿತ್ತು. ಗಳಿಗೆಗೊಮ್ಮೆ ಬೆರಳು ಅಲ್ಲಿಗೇ ಹೋಗುತ್ತಿತ್ತು. ನಮ್ಮ ಮನೆಯವರು ಕೈ ಹಿಡಿದು ಕೆಳಗಿಳಿಸಿ, ಮುಟ್ಟಿ ಮುಟ್ಟಿ ಬೆಳೆಸಬೇಡ ಅನ್ನುತ್ತಿದ್ದರು. ಗೌರಿ ಬಳೆ ತೊಟ್ಟುಕೊಂಡು ನನ್ನ ಪಕ್ಕ ಬಂದು ಕೂತಳು. ಅವಳು ಹೇಳಿದ್ದು ನನಗಷ್ಟೇ ಕೇಳಿತು.

“ಯವ್ವಾ, ನೀ ಎರದ್ರ ಎರಿ, ಇಲ್ಲಂದ್ರ ಬಾಜೂಕ ಕೂತು ಬೈಕೋತ ಇರು. ನೀ ಇರಬೇಕು, ಅಷ್ಟ.”

ಮೂರು ವಾರ ಮುಗಿದು ಬೆಂಗಳೂರಿಗೆ ಹೋದೆವು. ಕಾಯುವ ಕೋಣೆಯಲ್ಲಿ ಪಕ್ಕ ಕೂತ ಹೆಂಗಸು ತನ್ನ ಬುತ್ತಿಯಿಂದ ಒಂದು ಚಪಾತಿ ಕೊಟ್ಟಳು. ಅವಳ ಭಾಷೆ ನನಗೆ ಬರುತ್ತಿರಲಿಲ್ಲ, ನನ್ನದು ಅವಳಿಗೆ. ಇಬ್ಬರೂ ಒಬ್ಬರ ಗಂಟನ್ನು ಇನ್ನೊಬ್ಬರಿಗೆ ತೋರಿಸಿದೆವು. ಅಂಥ ಕೋಣೆಯಲ್ಲಿ ಅಷ್ಟು ಸಾಕು.

ಶೈಲಾ ಮೇಡಂ ಈ ಸಲ ‘ಏನು ತಿಂದಿರಿ’ ಅಂತ ಕೇಳಲಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಗುಳಿಗೆ ನುಂಗುವವರೆಗೆ ಏನೇನು ಮಾಡುತ್ತೀರಿ, ಒಂದೊಂದಾಗಿ ಹೇಳಿ ಅಂದರು. ಏಳುತ್ತೇನೆ, ಕಸ ಹೊಡೆಯುತ್ತೇನೆ, ಸ್ನಾನ ಮಾಡುತ್ತೇನೆ, ಲಿಂಗಪೂಜೆ ಮಾಡುತ್ತೇನೆ, ಗುಳಿಗೆ ನುಂಗುತ್ತೇನೆ ಅಂದೆ. ಪೂಜೆಗೂ ಗುಳಿಗೆಗೂ ನಡುವೆ? ಏನೂ ಇಲ್ಲ ಅಂದೆ. ದೇವರಾಣೆಗೂ ನಾನು ನಿಜವನ್ನೇ ಹೇಳುತ್ತಿದ್ದೆ.

ಆಗ ನಮ್ಮ ಮನೆಯವರು ಅಂದರು, “ಏನೂ ತಿನ್ನೂದಿಲ್ರಿ ಆಕಿ. ಪ್ರಸಾದ ಒಂದ ತಗೋತಾಳ, ಅಷ್ಟ.”

ಮೇಡಂ ಪೆನ್ನು ಕೆಳಗಿಟ್ಟರು. “ಪ್ರಸಾದ ಅಂದ್ರೆ?”

“ಪ್ರಸಾದ ಅಂದ್ರ ಪ್ರಸಾದರಿ,” ಅಂದೆ ನಾನು. “ಹಾಲು, ತುಪ್ಪ, ಬಾಳಿಹಣ್ಣು, ಸಕ್ಕರಿ. ಲಿಂಗಕ್ಕ ಅರ್ಪಿಸಿದ್ದು.”

“ಎಷ್ಟು?”

“ಬ್ಯಾರೆ ದಿನ ಒಂದ ಚಮಚ. ಶ್ರಾವಣದಾಗ ವ್ರತ ಇತ್ತಲ್ರಿ, ಒಂದ ವಾಟಿ ತುಂಬ.”

ಮೇಡಂ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಊಟ ಬೇರೆ, ಪ್ರಸಾದ ಬೇರೆ ಅಂತ ನಾನು ಹುಟ್ಟಿದಾಗಿನಿಂದ ಕೇಳುತ್ತ ಬಂದವಳು. ಪ್ರಸಾದದಿಂದ ಹೊಟ್ಟೆ ತುಂಬುತ್ತದೆ ಅಂತ ನಮ್ಮಲ್ಲಿ ಯಾರಾದರೂ ಹೇಳುತ್ತಾರೆಯೇ? ಮೇಡಂ ನಗಲು ಶುರು ಮಾಡಿದವರು ಕಣ್ಣೊರೆಸಿಕೊಳ್ಳುತ್ತಲೇ ಡಾಕ್ಟರನ್ನು ಕರೆತಂದರು. ಡಾಕ್ಟರು ವಿವರಿಸಿದರು: ಈ ಗುಳಿಗೆಗೆ ತುಪ್ಪ ಅಂದರೆ ಪ್ರೀತಿ. ತುಪ್ಪದ ಜೊತೆ ಹೋದರೆ ಒಂದು ಎರಡಾಗಿ ರಕ್ತಕ್ಕೆ ಇಳಿಯುತ್ತದೆ. ಮಗಳ ಒಳಿತಿಗೆ ಅಂತ ಹಿಡಿದ ವ್ರತ, ಮಗಳ ಬಾಣಂತನಕ್ಕೇ ಅಡ್ಡ ನಿಂತಿತ್ತು. ನನಗೆ ನಾಚಿಕೆಯಾಗಿ ಸೆರಗು ಬಾಯಿಗೆ ಹಿಡಿದೆ. ಡಾಕ್ಟರು ಬೈಯಲಿಲ್ಲ. ತಪ್ಪು ನಮ್ಮದೂ ಇದೆ, ಕೇಳುವ ರೀತಿಯಲ್ಲಿ ಕೇಳಿರಲಿಲ್ಲ ಅಂದರು. ಮುಂದಿನ ಸಲ ಹೋದಾಗ ಅವರ ಹಾಳೆಯಲ್ಲಿ ಹೊಸ ಸಾಲು ಸೇರಿತ್ತು: ‘ತೀರ್ಥ, ಪ್ರಸಾದ ಸೇರಿ ಏನೇ ತೆಗೆದುಕೊಂಡಿದ್ದರೂ ಬರೆಯಿರಿ.’ ನನ್ನ ಹೆಸರು ಎಲ್ಲೂ ಇಲ್ಲ, ಆದರೆ ಆ ಸಾಲು ನನ್ನದು!

ಲಿವರು ಆಗಲೇ ಸುಧಾರಿಸಿತ್ತು. ರಕ್ತ ಸರಿ ಬಂದರೆ ಮತ್ತೆ ಗುಳಿಗೆ ಕೊಡುವುದಾಗಿ ಹೇಳಿದರು, ಆದರೆ ಬರೀ ನೀರಿನ ಜೊತೆ. ಆಗ ನನಗೆ ಇನ್ನೊಂದು ಸಂಕಟ. ಪೂಜೆ ಮುಗಿಸಿ ಪ್ರಸಾದ ಬಿಟ್ಟು ಗುಳಿಗೆ ಮೊದಲು ಬಾಯಿಗೆ ಹಾಕುವುದು ಹೇಗೆ? ಊರಿಗೆ ಬಂದು ಹಳಿಯಾಳದಲ್ಲಿ ನಮ್ಮ ಮನೆತನದ ಅಯ್ಯನವರ ಹತ್ತಿರ ಹೋದೆ. ಎಂಬತ್ತು ದಾಟಿದವರು, ನನಗೆ ಲಿಂಗದೀಕ್ಷೆ ಕೊಟ್ಟವರು. ಎಲ್ಲ ಕೇಳಿ ಅವರು ಯೋಚಿಸಲೂ ಇಲ್ಲ.

“ಆ ಗುಳಿಗೀನ ಲಿಂಗಕ್ಕ ಅರ್ಪಿಸವಾ. ಅದ ಪ್ರಸಾದ. ಹಾಲು ತುಪ್ಪ ಒಂದು ತಾಸು ಕಾಯ್ಲಿ, ಅವಕ್ಕೇನು ಗಡಿಬಿಡಿ ಐತಿ?”

ಅಂದಿನಿಂದ ಹಾಗೆಯೇ. ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ಗುಳಿಗೆ, ಒಂದು ಗುಟುಕು ನೀರು. ಹುಣಸೆಬೀಜ ಮತ್ತೆ ಅವರೆಕಾಳಾಯಿತು, ಆಮೇಲೆ ಸಾಸಿವೆ. ಕಂಕುಳಲ್ಲಿದ್ದದ್ದು ಕೈಗೇ ಸಿಗುವುದಿಲ್ಲ. ಸ್ಕ್ಯಾನ್ ನೋಡಿದ ಡಾಕ್ಟರು, ಇನ್ನೂ ಪೂರ್ತಿ ಹೋಗಿಲ್ಲ, ಗುಳಿಗೆ ನಡೆಯುತ್ತಿರಬೇಕು, ಎಷ್ಟು ದಿನ ಹಿಡಿದು ನಿಲ್ಲಿಸುತ್ತದೆ ಅಂತ ಈಗಲೇ ಮಾತು ಕೊಡಲಾರೆ ಅಂದರು. ಆಗಲಿ. ಮಾತು ಕೊಡದವರ ಮೇಲೆ ನನಗೆ ಹೆಚ್ಚು ನಂಬಿಕೆ. ಕೂಸಿಗೆ ಎರೆಯಬಹುದೇ ಅಂತ ಕೇಳಿದೆ. ಕೈ ಚೆನ್ನಾಗಿ ತೊಳೆದುಕೊಳ್ಳಿ, ನೆಗಡಿ ಜ್ವರ ಇದ್ದ ದಿನ ಬಿಡಿ, ಉಳಿದಂತೆ ಧಾರಾಳವಾಗಿ ಎರೆಯಿರಿ ಅಂದರು. ನಾನು ಅಲ್ಲಿಂದಲೇ ಬೀಗಿತ್ತಿಗೆ ಫೋನು ಮಾಡಿದೆ.

ಕಾರ್ತಿಕದಲ್ಲಿ ಗೌರಿ ಹೆತ್ತಳು, ಹೆಣ್ಣುಕೂಸು. ಆಸ್ಪತ್ರೆಯಿಂದ ತಾಯಿ ಮಗು ಅಂಬೇವಾಡಿಗೇ ಬಂದರು. ಹೊಕ್ಕುಳ ಬಳ್ಳಿ ಉದುರಿದ ಮೇಲೆ ಮೊದಲ ಸಲ ಎರೆಯುವ ದಿನ ಬೀಗಿತ್ತಿಯೂ ಬಂದಿದ್ದರು, ನನ್ನಿಂದ ಆಗುವುದೋ ಇಲ್ಲವೋ ನೋಡಲು. ಸೆರಗು ಬಿಗಿದು, ಮುಂಗೈ ಬಳೆಗಳನ್ನು ಮೇಲೆ ಏರಿಸಿ ತಾವೇ ಎರೆಯುವ ತಯಾರಿಯಲ್ಲೇ ನಿಂತಿದ್ದರು. ನಾನು ಬಚ್ಚಲಲ್ಲಿ ಮಣೆ ಹಾಕಿ ಕೂತು ಕಾಲು ಚಾಚಿದೆ. ಗೌರಿ ಕೂಸನ್ನು ತಂದು ಕಣಕಾಲ ಮೇಲೆ ಮಲಗಿಸಿದಳು. ಎಷ್ಟು ಹಗುರ, ಎಷ್ಟು ಬಿಸಿ! ಎಣ್ಣೆ ತಿಕ್ಕಿದೆ. ಹೊಟ್ಟೆ, ಎದೆ, ಕಿವಿಯ ಹಿಂದೆ. ನೀರು ಹಾಕುತ್ತಿದ್ದಂತೆ ಕೂಸು ಮನೆ ಹಾರಿಹೋಗುವಂತೆ ಕೂಗಿತು. ನಮ್ಮ ಮನೆಯವರು ಹೊರಗಿನಿಂದ, ಸಾಕು ಬಿಡು ಅಂತ ಗೋಗರೆಯುತ್ತಿದ್ದರು. ಬೀಗಿತ್ತಿ ಬಾಗಿಲಲ್ಲಿ ನಿಂತು ಮೊದಲು ನನ್ನ ಕೈ ನೋಡಿದರು, ಆಮೇಲೆ ನನ್ನ ಮುಖ, ಆಮೇಲೆ ಏರಿಸಿದ್ದ ಬಳೆಗಳನ್ನು ಸದ್ದಿಲ್ಲದೆ ಇಳಿಸಿದರು.

“ನೀರು ಇನ್ನೊಂದ ಚೂರು ಬಿಸಿ ಬೇಕೇನ್ರಿ ಬೀಗ್ತಿ?” ಅಂದರು. “ಕೊಡ್ರಿ ತಂಬಗಿ, ನಾ ತರ್ತೇನಿ.”

ತಂಬಿಗೆ ಅವರ ಕೈಗೆ ಕೊಟ್ಟು, ಕೂಸನ್ನು ಕಾಲ ಮೇಲೆ ಬೋರಲು ತಿರುವಿಕೊಂಡೆ. ಬೆನ್ನು ಇನ್ನೂ ಉಳಿದಿತ್ತು.